ಹೊಸ ಉದ್ಯಮಕ್ಕೆ ಕೆಲಸಕ್ಕೆ ಬರುವ ಬಿಸಿನೆಸ್ ಪ್ಲಾನ್: ಕರಾವಳಿಯ ಲೆಕ್ಕದಲ್ಲಿ, ಹಂತ ಹಂತವಾಗಿ

ನಮ್ಮ ಕಡೆ ಬಿಸಿನೆಸ್ ಪ್ಲಾನ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್. ಸಾಲಕ್ಕೆ ಹೋದಾಗ ಮ್ಯಾನೇಜರ್ ಕೇಳುತ್ತಾರೆ, ನೀವು ಆಡಿಟರ್ ಆಫೀಸಿಗೆ ಹೋಗುತ್ತೀರಿ, ಅಲ್ಲಿ ಹಿಂದೆ ಯಾರಿಗೋ ಮಾಡಿಕೊಟ್ಟ ಫೈಲಿನಲ್ಲಿ ಹೆಸರು, ಊರು, ಮೆಷಿನ್ ರೇಟು ಬದಲಾಯಿಸಿ ಸ್ಪೈರಲ್ ಬೈಂಡಿಂಗ್ ಮಾಡಿ ಕೈಗೆ ಕೊಡುತ್ತಾರೆ. ಐದು ವರ್ಷದ ಲಾಭ ಪ್ರತಿ ವರ್ಷ ಶೇ. 10ರಂತೆ ಏರುತ್ತಲೇ ಇರುತ್ತದೆ. ಆ ರಿಪೋರ್ಟಿನಲ್ಲಿ ಮಳೆಗಾಲ ಇರುವುದಿಲ್ಲ. ಶುಭಕಾರ್ಯ ನಡೆಯದ ಆಟಿ ತಿಂಗಳು ಇರುವುದಿಲ್ಲ. ಅಂಗಡಿಯವರು ದುಡ್ಡು ಕೊಡದೆ ಸತಾಯಿಸುವುದೂ ಇರುವುದಿಲ್ಲ.

ಅದರಿಂದ ಸಾಲ ಸಿಗಬಹುದು. ಆದರೆ ಶುರು ಮಾಡಿದ ನಾಲ್ಕನೇ ತಿಂಗಳು ಕಂತು ಕಟ್ಟಲು ದುಡ್ಡಿಲ್ಲದೆ ಕೂತಾಗ ಆ ಪುಸ್ತಕ ತೆರೆದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಅದನ್ನು ಬರೆದವರು ನೀವಲ್ಲ.

ಹಾಗಾಗಿ ಕ್ರಮ ತಿರುಗಿಸಿ. ಮೊದಲು ನಿಮಗೋಸ್ಕರ ಒಂದು ಪ್ಲಾನ್ ಬರೆಯಿರಿ. ಸಾದಾ ನೋಟ್‌ಬುಕ್ ಸಾಕು, ಮೊಬೈಲಿನ ಎಕ್ಸೆಲ್ ಶೀಟ್ ಆದರೂ ಆಯಿತು. ಅದು ಸರಿಯಾದರೆ ಬ್ಯಾಂಕಿನ ರಿಪೋರ್ಟ್ ಮಾಡುವುದು ಒಂದೆರಡು ದಿನದ ಕೆಲಸ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಕಾರ್ಕಳದ ಕಡೆ ಸಣ್ಣ ಎಣ್ಣೆ ಗಾಣ, ತೆಂಗಿನೆಣ್ಣೆ ಮಾಡಿ ಬಾಟ್ಲಿಯಲ್ಲಿ ಮಾರುವುದು. ಕೆಳಗಿನ ದರಗಳೆಲ್ಲ ಲೆಕ್ಕ ತೋರಿಸಲು ಹಾಕಿದ್ದು, ಇವತ್ತಿನ ಮಾರ್ಕೆಟ್ ರೇಟ್ ಅಂತ ತಿಳಿಯಬೇಡಿ. ನಿಮ್ಮದು ಬೇಕರಿ ಆಗಿರಲಿ, ಮೊಬೈಲ್ ರಿಪೇರಿ ಆಗಿರಲಿ, ಟ್ಯೂಷನ್ ಸೆಂಟರ್ ಆಗಿರಲಿ, ಲೆಕ್ಕ ಹಾಕುವ ರೀತಿ ಇದೇ.

ಮೊದಲು ಒಂದೇ ಪ್ಯಾರಾ ಬರೆಯಿರಿ

ಏನು ಮಾರುತ್ತೀರಿ, ಯಾರಿಗೆ, ಅವರು ಈಗ ಆ ವಸ್ತುವನ್ನು ಎಲ್ಲಿಂದ ತರುತ್ತಾರೆ, ಅದನ್ನು ಬಿಟ್ಟು ನಿಮ್ಮ ಹತ್ತಿರ ಯಾಕೆ ಬರಬೇಕು. ನಾಲ್ಕೈದು ಸಾಲು ಸಾಕು.

"ಶುದ್ಧ ತೆಂಗಿನೆಣ್ಣೆಯನ್ನು ಎಲ್ಲರಿಗೂ ಮಾರುತ್ತೇವೆ" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಎಲ್ಲರೂ ಅಂದರೆ ಯಾರು? ಕಾರ್ಕಳ, ಬೆಳ್ಮಣ್ ಕಡೆ ತೋಟ ಇರುವವರು ಎಣ್ಣೆ ಕೊಳ್ಳುವುದು ಕಡಿಮೆ. ಮನೆಯ ಕೊಬ್ಬರಿಯನ್ನೇ ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುತ್ತಾರೆ. ಹಾಗಾದರೆ ಬಾಟ್ಲಿ ಕೊಳ್ಳುವವರು ಮಣಿಪಾಲದ ಫ್ಲ್ಯಾಟಿನಲ್ಲಿ ಇರುವವರು, ಕದ್ರಿ, ಬಿಜೈ ಕಡೆಯ ಮನೆಯವರು, ರಜೆಗೆ ಊರಿಗೆ ಬಂದು ಬೆಂಗಳೂರಿಗೋ ಮುಂಬೈಗೋ ವಾಪಸ್ ಹೋಗುವಾಗ ನಾಲ್ಕು ಲೀಟರ್ ಕಟ್ಟಿಸಿಕೊಂಡು ಹೋಗುವವರು. ಇಷ್ಟು ಗೊತ್ತಾದ ಮೇಲೆ ಬಾಟ್ಲಿಯ ಸೈಜು, ಲೇಬಲ್, ಯಾವ ಅಂಗಡಿಗೆ ಹೋಗಬೇಕು ಅನ್ನುವುದು ತನ್ನಷ್ಟಕ್ಕೆ ತೀರ್ಮಾನವಾಗುತ್ತದೆ.

ಅದರ ಜೊತೆ ಇನ್ನೊಂದು ವ್ಯಾಪಾರವೂ ಕಣ್ಣಿಗೆ ಬೀಳುತ್ತದೆ. ತೋಟದವರ ಕೊಬ್ಬರಿಗೆ ಗಾಣದ ಕೂಲಿ ತೆಗೆದುಕೊಂಡು ಎಣ್ಣೆ ಮಾಡಿಕೊಡಬಹುದು. ಅದರಲ್ಲಿ ಕೊಬ್ಬರಿಗೆ ನಿಮ್ಮ ದುಡ್ಡು ಹಾಕಬೇಕಾಗಿಲ್ಲ, ಕೂಲಿ ಆಗಲೇ ಕೈಗೆ ಬರುತ್ತದೆ. ಇದನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಹೋಗಿ ಕೇಳಿ, ಆದರೆ ಸರಿಯಾದವರನ್ನು ಕೇಳಿ

ನೆಂಟರನ್ನು ಕೇಳಬೇಡಿ. ಅವರು "ಒಳ್ಳೆ ಐಡಿಯಾ, ನಮಗೆ ಎರಡು ಲೀಟರ್ ಇಡು" ಅನ್ನುತ್ತಾರೆ, ಪ್ರೀತಿಯಿಂದ ಹೇಳಿದ್ದು, ಅಷ್ಟೇ. ಅದನ್ನು ಬೇಡಿಕೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಮಾರಾಟ ಮಾಡುವ ಜಾಗದಲ್ಲಿ ಕೇಳಬೇಕು. ಜಿನಸಿ ಅಂಗಡಿ, ಸೂಪರ್ ಮಾರ್ಕೆಟ್, ಸೊಸೈಟಿ ಅಂಗಡಿ, ಹೋಟೆಲಿನ ಅಡುಗೆ ಭಟ್ರು. ಬೆಳಿಗ್ಗೆ ವ್ಯಾಪಾರದ ಗಡಿಬಿಡಿಯಲ್ಲಿ ಹೋದರೆ ಯಾರೂ ಮಾತಾಡುವುದಿಲ್ಲ, ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಹೋಗಿ. ಕೇಳುವಾಗ "ನಮ್ಮ ಎಣ್ಣೆ ಇಡುತ್ತೀರಾ" ಅಂತ ಶುರು ಮಾಡಬೇಡಿ. ಈಗ ಯಾವ ಎಣ್ಣೆ ವಾರಕ್ಕೆ ಎಷ್ಟು ಬಾಟ್ಲಿ ಹೋಗುತ್ತದೆ, ಅರ್ಧ ಲೀಟರ್ ಜಾಸ್ತಿ ಹೋಗುತ್ತದೋ ಒಂದು ಲೀಟರೋ, ಕಂಪನಿಯವರು ಎಷ್ಟು ಮಾರ್ಜಿನ್ ಕೊಡುತ್ತಾರೆ, ದುಡ್ಡು ಎಷ್ಟು ದಿನಕ್ಕೆ ಕೊಡುತ್ತೀರಿ, ಹೋಗದ ಮಾಲು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ.

ಉತ್ತರ ಹೆಚ್ಚಾಗಿ ಹೀಗಿರುತ್ತದೆ: "ಇಟ್ಟು ಹೋಗಿ ಮಾರಾಯ್ರೆ, ಹೋದ ಮೇಲೆ ನೋಡುವ."

ಈ ಒಂದು ಮಾತಿನಲ್ಲಿ ನಿಮ್ಮ ಪ್ಲಾನಿಗೆ ಬೇಕಾದ ಎರಡು ವಿಷಯ ಇದೆ. ಒಂದು, ಮಾಲು ಮಾರಾಟವಾಗದಿದ್ದರೆ ನಷ್ಟ ನಿಮ್ಮದು. ಎರಡು, ಮಾರಾಟವಾದರೂ ದುಡ್ಡು ಇವತ್ತು ಬರುವುದಿಲ್ಲ. ಹತ್ತು ಅಂಗಡಿಯಲ್ಲಿ ಏಳು ಅಂಗಡಿಯವರು ಇದನ್ನೇ ಹೇಳಿದರೆ, ನಿಮ್ಮ ಲೆಕ್ಕದಲ್ಲಿ ಮಾರಾಟದ ಹೆಚ್ಚಿನ ಪಾಲು ಉದ್ರಿ ಅಂತಲೇ ಹಾಕಬೇಕು. ಅಂಗಡಿ ಅಂಗಡಿಗೆ ಮಾಲು ಹಾಕುವ ಲೈನ್ ಸೇಲ್ ಗಾಡಿಯವರನ್ನೂ ಒಮ್ಮೆ ಮಾತಾಡಿಸಿ. ಯಾವ ಅಂಗಡಿ ಸರಿಯಾಗಿ ದುಡ್ಡು ಕೊಡುತ್ತದೆ, ಯಾವುದು ಕೊಡುವುದಿಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಅವರ ಜೊತೆ ಒಂದು ಚಾ ಕುಡಿದರೆ ಸಿಗುವ ಮಾಹಿತಿ ದುಡ್ಡು ಕೊಟ್ಟು ಮಾಡಿಸಿದ ಸರ್ವೆಯಲ್ಲೂ ಸಿಗಲಿಕ್ಕಿಲ್ಲ.

ಕೇಳಿದ್ದನ್ನೆಲ್ಲ ಅಂಗಡಿಯ ಹೆಸರು, ತಾರೀಕು ಸಮೇತ ಬರೆಯಿರಿ. ಮುಂದೆ ಬ್ಯಾಂಕಿನಲ್ಲಿ "ಮಾರ್ಕೆಟ್ ಹೇಗಿದೆ" ಅಂತ ಕೇಳಿದಾಗ ಈ ಪುಟ ತೋರಿಸಬಹುದು.

ಒಂದು ಲೀಟರಿಗೆ ಎಷ್ಟು ಬೀಳುತ್ತದೆ

ಇಲ್ಲಿ ಸಮಯ ತೆಗೆದುಕೊಳ್ಳಿ. ಇಡೀ ಪ್ಲಾನ್ ಇದರ ಮೇಲೆ ನಿಂತಿದೆ.

ದಿನಕ್ಕೆ 100 ಕಿಲೋ ಕೊಬ್ಬರಿ ಆಡಿಸುತ್ತೀರಿ ಅಂದುಕೊಳ್ಳಿ. ಚೆನ್ನಾಗಿ ಒಣಗಿದ ಕೊಬ್ಬರಿಯಿಂದ ಸುಮಾರು 60 ಕಿಲೋ ಎಣ್ಣೆ ಬರುತ್ತದೆ, 35 ಕಿಲೋದಷ್ಟು ಹಿಂಡಿ, ಉಳಿದದ್ದು ತೇವ, ಗಸಿ ಅಂತ ಹೋಗುತ್ತದೆ. ನೀವು ಮಾರುವುದು ಲೀಟರಿನಲ್ಲಿ. ಒಂದು ಲೀಟರ್ ತೆಂಗಿನೆಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 920 ಗ್ರಾಂ. ಹಾಗಾಗಿ 60 ಕಿಲೋ ಅಂದರೆ 65 ಲೀಟರ್. ಸಗಟು ದರ ಹೇಳುವವರು ಕಿಲೋದಲ್ಲಿ ಹೇಳುತ್ತಾರೆ, ಅಂಗಡಿಯವರು ಲೀಟರಿನಲ್ಲಿ. ಎರಡನ್ನೂ ಕಲಸಿಕೊಂಡು ಲೆಕ್ಕ ತಪ್ಪಿಸಿಕೊಳ್ಳಬೇಡಿ.

ಈಗ ಖರ್ಚು. ಕೊಬ್ಬರಿ ಕಿಲೋಗೆ 200 ರೂಪಾಯಿ ಆದರೆ 20,000. ಇಬ್ಬರು ಕೆಲಸದವರಿಗೆ 1,400. ಕರೆಂಟ್ 300. ಬಾಟ್ಲಿ, ಮುಚ್ಚಳ, ಲೇಬಲ್ ಸೇರಿ ಲೀಟರಿಗೆ 15ರಂತೆ 975. ಗೂಡ್ಸ್ ರಿಕ್ಷಾ, ಪೆಟ್ರೋಲ್ 600. ಫಿಲ್ಟರ್ ಬಟ್ಟೆ, ಚೆಲ್ಲಿ ಹೋದದ್ದು ಅಂತ 150. ಒಟ್ಟು 23,425. ಹಿಂಡಿಯನ್ನು ದನ ಸಾಕುವವರಿಗೆ ಕಿಲೋಗೆ 30ರಂತೆ ಮಾರಿದರೆ 1,050 ವಾಪಸ್ ಬಂತು. ಉಳಿದದ್ದು 22,375. ಅದನ್ನು 65ರಿಂದ ಭಾಗಿಸಿದರೆ ಲೀಟರಿಗೆ 344 ರೂಪಾಯಿ.

ಹೆಚ್ಚಿನವರು ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಎಂಆರ್‌ಪಿ 460 ಇಟ್ಟರೆ 116 ರೂಪಾಯಿ ಲಾಭ ಅಂತ ಖುಷಿಪಡುತ್ತಾರೆ.

ಗಾಣ ಓಡಿದರೂ ಓಡದಿದ್ದರೂ ಕೊಡಬೇಕಾದ ದುಡ್ಡು ಇನ್ನೂ ಬಾಕಿ ಇದೆ ಅಲ್ವಾ? ತಿಂಗಳ ಬಾಡಿಗೆ 10,000, ಬ್ಯಾಂಕ್ ಕಂತು 18,000, ರಿಪೇರಿ, ಫೋನ್, ಲೆಕ್ಕ ಬರೆಯುವವರು ಎಲ್ಲ ಸೇರಿ 6,000. ಮತ್ತೆ ನಿಮ್ಮ ಸಂಬಳ 20,000. ನಿಮ್ಮ ಸಂಬಳ ಹಾಕಲೇಬೇಕು. "ನಮ್ಮದೇ ಅಲ್ವಾ, ಲಾಭ ಬಂದ ಮೇಲೆ ತೆಗೆದುಕೊಳ್ಳುವ" ಅಂದರೆ ಮನೆ ಖರ್ಚಿಗೆ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತೀರಿ, ಲೆಕ್ಕ ಅಲ್ಲಿಗೆ ಕೆಟ್ಟಿತು. ಹೀಗೆ ತಿಂಗಳಿಗೆ 54,000. ತಿಂಗಳಲ್ಲಿ 20 ದಿನ ಗಾಣ ಓಡಿದರೆ 1,300 ಲೀಟರ್. ಲೀಟರಿಗೆ ಇನ್ನೊಂದು 42 ರೂಪಾಯಿ ಸೇರಿತು. ಅಲ್ಲಿಗೆ 386.

ಇನ್ನು ಕೈಗೆ ಬರುವುದು ಎಷ್ಟು ನೋಡಿ. ಎಂಆರ್‌ಪಿ 460. ಅಂಗಡಿಯವರ ಮಾರ್ಜಿನ್ ಶೇ. 12 ಅಂದರೆ 55 ರೂಪಾಯಿ ಹೋಯಿತು, 405 ಉಳಿಯಿತು. ತಿಂಗಳಿಗೆ 1,300 ಲೀಟರ್ ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುತ್ತದೆ, ಅಂದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅಡುಗೆ ಎಣ್ಣೆಗೆ ಶೇ. 5. ಆ 405ರ ಒಳಗೇ ತೆರಿಗೆ ಇದೆ, ಅದನ್ನು ತೆಗೆದರೆ ನಿಮಗೆ ಸಿಗುವುದು 386. ಕೊಬ್ಬರಿಯನ್ನು ನೇರ ರೈತರಿಂದ ಕೊಂಡರೆ ಅದರ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಸಿಗುವುದಿಲ್ಲ, ಆ ದಾರಿಯಿಂದಲೂ ಉಳಿತಾಯ ಇಲ್ಲ.

ಖರ್ಚು 386, ಬಂದದ್ದು 386. ಅಂದರೆ ಎಲ್ಲವನ್ನೂ ಅಂಗಡಿಗೆ ಹಾಕಿದರೆ 116 ರೂಪಾಯಿ ಲಾಭ ಅಂದುಕೊಂಡಿದ್ದು ಸೊನ್ನೆ.

ಈ ಸೊನ್ನೆ ಕಾಣಿಸಿದ್ದೇ ಪ್ಲಾನ್ ಬರೆದದ್ದರ ಮೊದಲ ಪ್ರಯೋಜನ. ಈಗ ದಾರಿ ಹುಡುಕಬಹುದು. ಮೂರರಲ್ಲಿ ಒಂದು ಪಾಲು ಎಣ್ಣೆಯನ್ನು ನೇರವಾಗಿ ಗಿರಾಕಿಗೇ ಮಾರಿದರೆ, ಅಂದರೆ ಗಾಣದ ಬಾಗಿಲಲ್ಲಿ, ವಾಟ್ಸಾಪ್ ಆರ್ಡರಿನಲ್ಲಿ, ಮಣಿಪಾಲದ ಅಪಾರ್ಟ್‌ಮೆಂಟುಗಳಿಗೆ ತಿಂಗಳಿಗೊಮ್ಮೆ ಗಾಡಿ ಕಳಿಸಿ, ಆ ಪಾಲಿಗೆ ತೆರಿಗೆ ಕಳೆದು 438 ಸಿಗುತ್ತದೆ. ಸರಾಸರಿ 403. ಲೀಟರಿಗೆ 17 ರೂಪಾಯಿ ಉಳಿತು, ತಿಂಗಳಿಗೆ ಸುಮಾರು 22 ಸಾವಿರ. ಹಾಗಾಗಿ ನಿಮ್ಮ ಪ್ಲಾನಿನಲ್ಲಿ "ನೇರ ಮಾರಾಟ ತಿಂಗಳಿಗೆ 430 ಲೀಟರ್" ಅನ್ನುವ ಸಾಲು ದಪ್ಪಕ್ಷರದಲ್ಲಿ ಇರಬೇಕು. ಅದು ಕೈಕೊಟ್ಟರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನ ಇಲ್ಲ.

ಇನ್ನೆರಡು ಲೆಕ್ಕ ಇಲ್ಲೇ ಮಾಡಿಬಿಡಿ. ಕೊಬ್ಬರಿ ಕಿಲೋಗೆ 10 ರೂಪಾಯಿ ಏರಿದರೆ ಏನಾಗುತ್ತದೆ? ಲೀಟರಿಗೆ 15 ರೂಪಾಯಿ ಜಾಸ್ತಿ ಬೀಳುತ್ತದೆ, 17ರಲ್ಲಿ 15 ಹೋಯಿತು. ತೆಂಗಿನ ರೇಟು ಎಷ್ಟು ಜಿಗಿಯಬಹುದು ಅಂತ 2025ರಲ್ಲಿ ಎಲ್ಲರೂ ನೋಡಿದ್ದೇವೆ, ತೆಂಗಿನೆಣ್ಣೆ ಲೀಟರಿಗೆ 400 ದಾಟಿತ್ತು. ರೇಟು ಏರಿದಾಗ ಎಂಆರ್‌ಪಿ ಎಷ್ಟು ಬೇಗ ಬದಲಾಯಿಸುತ್ತೀರಿ, ಹಳೆಯ ರೇಟಿನ ಬಾಟ್ಲಿ ಅಂಗಡಿಯಲ್ಲಿ ಎಷ್ಟಿರುತ್ತದೆ ಅಂತ ಮೊದಲೇ ಯೋಚಿಸಿ. ಎರಡನೆಯದು, ನಷ್ಟ ಆಗದಿರಲು ತಿಂಗಳಿಗೆ ಎಷ್ಟು ದಿನ ಗಾಣ ಓಡಬೇಕು? ಲೀಟರಿಗೆ 403ರಲ್ಲಿ 344 ಕಳೆದರೆ 59. ಈ 59ರಿಂದ 54,000 ಭಾಗಿಸಿ: 915 ಲೀಟರ್, ಅಂದರೆ 14 ದಿನ. ಈ 14ನ್ನು ಗೋಡೆಯ ಮೇಲೆ ಬರೆದಿಡಿ.

ಹನ್ನೆರಡರಿಂದ ಗುಣಿಸಬೇಡಿ

22 ಸಾವಿರವನ್ನು 12ರಿಂದ ಗುಣಿಸಿ ವರ್ಷಕ್ಕೆ 2.64 ಲಕ್ಷ ಅಂತ ಬರೆಯುವುದು ಸುಲಭ. ಕರಾವಳಿಯಲ್ಲಿ ಹನ್ನೆರಡು ತಿಂಗಳೂ ಒಂದೇ ಅಲ್ಲ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ಹನ್ನೆರಡು ಅಂಕಣ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕೊಬ್ಬರಿ ಅಂಗಳದಲ್ಲಿ ಒಣಗುವುದಿಲ್ಲ, ಡ್ರೈಯರ್ ಬೇಕು, ಅದಕ್ಕೆ ಸೌದೆಯೋ ಕರೆಂಟೋ ಬೇಕು. ಸರಿಯಾಗಿ ಒಣಗದ ಕೊಬ್ಬರಿಗೆ ಬೂಸ್ಟು ಬಂದು ಎಣ್ಣೆ ಕಮಟು ಹೊಡೆಯುತ್ತದೆ, ಅಂಥ ಒಂದು ಬಾಟ್ಲಿ ಹೋದರೆ ಆ ಮನೆಯ ಗಿರಾಕಿ ಹೋದ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಅಂಗಡಿ ಇಟ್ಟವರಿಗೆ ಈ ಎರಡು ತಿಂಗಳು ಕೈ ಕಟ್ಟುತ್ತದೆ, ಮೀನಿಗೂ ನಿಮ್ಮ ವ್ಯಾಪಾರಕ್ಕೂ ಸಂಬಂಧ ಇಲ್ಲದಿದ್ದರೂ ಗಿರಾಕಿಯ ಜೇಬಿಗೆ ಸಂಬಂಧ ಇದೆ. ಜುಲೈ ಮಧ್ಯದಿಂದ ಆಟಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದಾಗಿ ಏನನ್ನೂ ಶುರು ಮಾಡುವುದಿಲ್ಲ. ಕೇಟರಿಂಗ್, ಫೋಟೋಗ್ರಫಿ, ಶಾಮಿಯಾನ, ಹೂವಿನ ವ್ಯಾಪಾರ ಮಾಡುವವರು ಈ ತಿಂಗಳನ್ನು ಸೊನ್ನೆ ಅಂತ ಬರೆದೇ ಮುಂದೆ ಹೋಗಬೇಕು.

ಅಲ್ಲಿಂದ ಏರು ಶುರು. ಅಷ್ಟಮಿ, ಚೌತಿ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಫೆಸ್ತ್, ನವರಾತ್ರಿ, ದೀಪಾವಳಿ. ನವೆಂಬರ್ ಬಂತು ಅಂದರೆ ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಆಮೇಲೆ ನೇಮ, ಜಾತ್ರೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಗಲ್ಫ್‌ನಿಂದ ಬರುವವರು. ಉಡುಪಿಯವರಾದರೆ ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದ ಜನವರಿ 18ಕ್ಕೆ ಕೃಷ್ಣಮಠದ ಪರ್ಯಾಯ. ಪರ್ಯಾಯದ ವರ್ಷದ ಜನವರಿ ವ್ಯಾಪಾರ ನೋಡಿ ಮರುವರ್ಷಕ್ಕೂ ಅದೇ ಅಂಕಿ ಹಾಕಿದರೆ ಕೆಟ್ಟಿರಿ. ಏಪ್ರಿಲ್, ಮೇಯಲ್ಲಿ ರಜೆಗೆ ಊರಿಗೆ ಬಂದವರು, ಮದುವೆ. ಮೇ ಕೊನೆಯಲ್ಲಿ ನೇಮ, ಜಾತ್ರೆಗಳಿಗೆ ತೆರೆ ಬೀಳುವ ದಿನ ಪತ್ತನಾಜೆ, ಅಲ್ಲಿಗೆ ಇದೆಲ್ಲ ಮುಗಿಯಿತು. ಮಣಿಪಾಲ, ಸುರತ್ಕಲ್, ದೇರಳಕಟ್ಟೆಯಲ್ಲಿ ವಿದ್ಯಾರ್ಥಿಗಳನ್ನೇ ನಂಬಿದ ವ್ಯಾಪಾರಕ್ಕೆ ಮಾತ್ರ ಲೆಕ್ಕ ಬೇರೆ. ಕಾಲೇಜಿನ ಕ್ಯಾಲೆಂಡರ್ ತಂದು ಪರೀಕ್ಷೆ, ರಜೆ ಗುರುತು ಮಾಡಿ.

ಬಾಟ್ಲಿ ಬೆಂಗಳೂರಿನಿಂದ ತರಿಸುವುದಾದರೆ ಇನ್ನೊಂದು ಗುರುತು. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿ ಸುತ್ತು ಬರುತ್ತದೆ, ಬಾಡಿಗೆಯೂ ಏರುತ್ತದೆ. ಮೇ ತಿಂಗಳಲ್ಲೇ ಎರಡು ತಿಂಗಳ ಬಾಟ್ಲಿ ತರಿಸಿಡುವ ಖರ್ಚು ಮೇ ಅಂಕಣದಲ್ಲಿ ಬರಲಿ.

ಈಗ ನಮ್ಮ ಗಾಣಕ್ಕೆ ವಾಪಸ್ ಬರೋಣ. ಎಂಟು ತಿಂಗಳು 20 ದಿನ, ಮಳೆಯ ನಾಲ್ಕು ತಿಂಗಳು 10 ದಿನ ಮಾತ್ರ ಓಡಿತು ಅಂತ ಇಟ್ಟುಕೊಳ್ಳಿ. 10 ದಿನ ಅಂದರೆ 650 ಲೀಟರ್, 59ರಂತೆ 38 ಸಾವಿರ ಚಿಲ್ಲರೆ. 54 ಸಾವಿರ ಖರ್ಚು ಇದ್ದೇ ಇದೆ. ಆ ತಿಂಗಳು ಸುಮಾರು 15,600 ಕೈಯಿಂದ ಹಾಕಬೇಕು. ನಾಲ್ಕು ತಿಂಗಳಿಗೆ 62 ಸಾವಿರ. ಎಂಟು ತಿಂಗಳ 1.76 ಲಕ್ಷದಲ್ಲಿ ಅದು ಕಳೆದರೆ ವರ್ಷಕ್ಕೆ ಉಳಿಯುವುದು 1.14 ಲಕ್ಷ. 2.64 ಲಕ್ಷದ ಅರ್ಧಕ್ಕಿಂತ ಕಡಿಮೆ. ಡ್ರೈಯರಿನ ಸೌದೆ ಇನ್ನೂ ಸೇರಿಸಿಲ್ಲ.

ಮೂಲೆಯಲ್ಲಿ ಬರೆದಿಟ್ಟ ಗಾಣದ ಕೂಲಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತೋಟದವರು ಬೇಸಗೆಯಲ್ಲಿ ಕೊಬ್ಬರಿ ಒಣಗಿಸಿ ಮಳೆಗೆ ಮುಂಚೆ ಎಣ್ಣೆ ಮಾಡಿಸುತ್ತಾರೆ. ಏಪ್ರಿಲ್, ಮೇಯಲ್ಲಿ ಗಾಣ ಖಾಲಿ ಇರುವ ಆರೇಳು ದಿನ ಅದಕ್ಕೆ ಕೊಟ್ಟರೆ ಮಳೆಗಾಲದ ಕಂತಿಗೆ ಸ್ವಲ್ಪ ಗಂಟು ಆಗುತ್ತದೆ.

ಲಾಭ ಇದ್ದೂ ದುಡ್ಡಿಲ್ಲ ಅನ್ನುವ ಸ್ಥಿತಿ

ಪ್ಲಾನ್ ಬರೆಯುವವರು ಮೆಷಿನಿಗೆ ಎಷ್ಟು, ಶೆಡ್ಡಿಗೆ ಎಷ್ಟು ಅಂತ ರೂಪಾಯಿ ಪೈಸೆ ಸಮೇತ ಬರೆಯುತ್ತಾರೆ. ದಿನದಿನ ತಿರುಗಿಸುವ ದುಡ್ಡಿಗೆ ಒಂದು ಸಾಲು, ಅದೂ ಅಂದಾಜಿಗೆ.

ನಮ್ಮ ಉದಾಹರಣೆಯಲ್ಲಿ ಅಂಗಡಿಗಳಿಗೆ ಹೋಗುವ ಎರಡು ಪಾಲು ಎಣ್ಣೆ ಒಂದು ತಿಂಗಳ ಉದ್ರಿ ಅಂದರೆ ಸುಮಾರು 3.5 ಲಕ್ಷ ರೂಪಾಯಿ ಯಾವಾಗಲೂ ಅಂಗಡಿಯವರ ಹತ್ತಿರವೇ ಇರುತ್ತದೆ. ಕೊಬ್ಬರಿ ಕೊಡುವ ರೈತರು ಮಾತ್ರ ಕಾಯುವುದಿಲ್ಲ, ಅವರಿಗೆ ಆಗಿಂದಾಗ್ಗೆ ಕೊಡಬೇಕು, ಕೊಡದಿದ್ದರೆ ಮುಂದಿನ ಸಲ ಬೇರೆಯವರಿಗೆ ಹಾಕುತ್ತಾರೆ. ಜೂನ್, ಜುಲೈಯ 20 ದಿನದ ಓಟಕ್ಕೆ ಮೇಯಲ್ಲೇ ಒಣಗಿದ ಕೊಬ್ಬರಿ ಎರಡು ಟನ್ ಕೊಂಡಿಟ್ಟರೆ ಇನ್ನೊಂದು 4 ಲಕ್ಷ. ಎರಡೂ ಸೇರಿ ಏಳೂವರೆ ಲಕ್ಷ. ಎಷ್ಟೋ ಸಣ್ಣ ಗಾಣಗಳಿಗೆ ಇದು ಮೆಷಿನಿನ ಬೆಲೆಗಿಂತ ಜಾಸ್ತಿ.

ಆದ್ದರಿಂದ ಇನ್ನೊಂದು ಹಾಳೆ ಬೇಕು. ಪ್ರತಿ ತಿಂಗಳು ನಿಜವಾಗಿ ಕೈಗೆ ಬಂದ ದುಡ್ಡು, ಕೈಯಿಂದ ಹೋದ ದುಡ್ಡು, ತಿಂಗಳ ಕೊನೆಗೆ ಉಳಿದದ್ದು. ಬಿಲ್ ಹಾಕಿದ ತಿಂಗಳಲ್ಲಿ ಬರೆಯಬೇಡಿ, ದುಡ್ಡು ಬರುವ ತಿಂಗಳಲ್ಲಿ ಬರೆಯಿರಿ. ಯಾವ ತಿಂಗಳಲ್ಲಿ ಉಳಿದದ್ದು ಮೈನಸ್‌ಗೆ ಹೋಗುತ್ತದೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ಅತಿ ದೊಡ್ಡ ಮೈನಸ್ ಎಷ್ಟಿದೆಯೋ ಅಷ್ಟು ದುಡ್ಡು ಮೊದಲೇ ಹೊಂದಿಸಿರಬೇಕು, ಸ್ವಂತದ್ದೋ, ಬೇಕಾದಾಗ ತೆಗೆದು ವಾಪಸ್ ಕಟ್ಟುವ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ಟೋ. ಮೆಷಿನಿನ ಸಾಲದಲ್ಲಿ ಉಳಿದದ್ದನ್ನು ಇದಕ್ಕೆ ಬಳಸಿದರಾಯಿತು ಅಂದುಕೊಂಡರೆ, ಉಳಿಯುವುದಿಲ್ಲ, ವೈರಿಂಗಿಗೇ ಮುಗಿದಿರುತ್ತದೆ.

ಕಂತಿನ ದುಡ್ಡು ಒಟ್ಟು ಮಾಡಲು ಪಿಗ್ಮಿ ಈಗಲೂ ಒಳ್ಳೆಯ ದಾರಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಶುರು ಮಾಡಿದ್ದು ಇಂಥ ಸಣ್ಣ ದುಡಿಮೆಯವರಿಗೇ. 18,000 ಕಂತನ್ನು ತಿಂಗಳ ಕೊನೆಗೆ ಹುಡುಕುವುದಕ್ಕಿಂತ ದಿನಕ್ಕೆ 600 ಕಟ್ಟುವುದು ಹಗುರ. ಪ್ಲಾನಿನಲ್ಲೂ ಅದನ್ನು ದಿನದ ಖರ್ಚಾಗಿಯೇ ತೋರಿಸಿ.

ಲೈಸೆನ್ಸ್, ಜಾಗ, ಕರೆಂಟ್

ಇಲ್ಲಿ ಬರೆಯಬೇಕಾದದ್ದು ಯಾವ ಕಾಗದ, ಎಲ್ಲಿಂದ, ಎಷ್ಟು ದಿನ, ಎಷ್ಟು ಖರ್ಚು. ಉದ್ಯಮ್ ನೋಂದಣಿ ಸರಕಾರದ ಪೋರ್ಟಲ್‌ನಲ್ಲಿ ಉಚಿತ, ಆಧಾರ್, ಪಾನ್ ಸಾಕು. ಅದೇ ತರಹ ಕಾಣುವ ಬೇರೆ ಸೈಟುಗಳು ದುಡ್ಡು ಕೇಳುತ್ತವೆ, ಕೊಡಬೇಡಿ. ತಿನ್ನುವ ವಸ್ತು ಆದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ), ನಿಮ್ಮ ವಹಿವಾಟಿನ ಮೇಲೆ ರಿಜಿಸ್ಟ್ರೇಶನ್ ಸಾಕೋ ಲೈಸೆನ್ಸೇ ಬೇಕೋ ಅಂತ ನೋಡಿಕೊಳ್ಳಿ. ಪಂಚಾಯತ್, ನಗರಸಭೆ ಅಥವಾ ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್. ಪ್ಯಾಕ್ ಮಾಡಿ ಮಾರುವುದಾದರೆ ಲೇಬಲ್ ಮೇಲೆ ಎಂಆರ್‌ಪಿ, ನಿವ್ವಳ ಪ್ರಮಾಣ, ವಿಳಾಸ, ತಯಾರಿಸಿದ ದಿನ ಇರಬೇಕು. ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು.

ತಡ ಆಗುವುದು ಇವುಗಳಿಂದ ಅಲ್ಲ, ಜಾಗ ಮತ್ತು ಕರೆಂಟಿನಿಂದ. ಬಾಡಿಗೆ ಶೆಡ್ ಕೃಷಿ ಜಮೀನಿನಲ್ಲಿ ಇದ್ದು ಕನ್ವರ್ಶನ್ (ಭೂ ಪರಿವರ್ತನೆ) ಆಗಿರದಿದ್ದರೆ, ಪಂಚಾಯತ್‌ನ ಆಸ್ತಿ ದಾಖಲೆ 9/11 ಇಲ್ಲದಿದ್ದರೆ, ಲೈಸೆನ್ಸೂ ಸಿಗದು ಸಾಲವೂ ಸಿಗದು. ಅಡ್ವಾನ್ಸ್ ಕೊಡುವ ಮುಂಚೆ ಆ ಕಾಗದ ಕೇಳಿ. ಗಾಣಕ್ಕೆ ತ್ರೀ ಫೇಸ್ ಬೇಕು. ಆ ಜಾಗದ ಟ್ರಾನ್ಸ್‌ಫಾರ್ಮರಿನಲ್ಲಿ ಲೋಡ್ ಕೊಡಲು ಆಗುತ್ತದಾ ಅಂತ ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿಯೇ ಮುಂದೆ ಹೋಗಿ. ಮೆಷಿನ್ ಬಂದು ಟಾರ್ಪಾಲಿನ ಅಡಿಯಲ್ಲಿ ಕೂತಿದೆ, ಕರೆಂಟ್ ಇಲ್ಲ, ಕಂತು ಶುರುವಾಗಿದೆ, ಇದು ನಡೆಯುತ್ತಲೇ ಇರುತ್ತದೆ.

ದುಡ್ಡು ಎಲ್ಲಿಂದ

ಸಬ್ಸಿಡಿ ಸಿಗುತ್ತದೆ ಅಂತ ವ್ಯಾಪಾರ ಶುರು ಮಾಡುವವರು ಬಹಳ ಜನ. ಸಬ್ಸಿಡಿ ತೆಗೆದುಹಾಕಿದರೂ ನಿಲ್ಲುವ ಪ್ಲಾನ್ ಆದರೆ ಮಾತ್ರ ಮುಂದೆ ಹೋಗಿ ಅನ್ನುವುದು ನನ್ನ ಅಭಿಪ್ರಾಯ.

ಕೇಂದ್ರದ ಸ್ವಉದ್ಯೋಗ ಸಬ್ಸಿಡಿ ಯೋಜನೆ ಪಿಎಂಇಜಿಪಿಯಲ್ಲಿ ಹೊಸ ಘಟಕಕ್ಕೆ ತಯಾರಿಕೆಯಾದರೆ 50 ಲಕ್ಷ, ಸೇವೆಯಾದರೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶ. ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮುಂತಾದವರಿಗೆ ಶೇ. 25 ಮತ್ತು ಶೇ. 35. ಸ್ವಂತ ದುಡ್ಡು ಶೇ. 10 ಅಥವಾ ಶೇ. 5 ಹಾಕಬೇಕು. ಆದರೆ ಸಬ್ಸಿಡಿಯ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇದ್ದು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಹೊಂದಿಕೆ ಆಗುತ್ತದೆ. ಹಾಗಾಗಿ ಮೊದಲ ವರ್ಷದ ಕೈದುಡ್ಡಿನ ಹಾಳೆಯಲ್ಲಿ ಅದನ್ನು ಆದಾಯ ಅಂತ ಬರೆಯಲೇಬಾರದು. ಆಹಾರ ಸಂಸ್ಕರಣೆಗೆ ಪಿಎಂಎಫ್‌ಎಂಇ ಅಂತ ಇನ್ನೊಂದು ಯೋಜನೆ, ಕೇಂದ್ರದ ಶೇ. 35ರ ಮೇಲೆ ಕರ್ನಾಟಕ ಸರಕಾರ ತನ್ನ ಪಾಲು ಸೇರಿಸಿ ಶೇ. 50 ಮಾಡಿದೆ. ಸಣ್ಣ ಉದ್ಯಮದ ಮುದ್ರಾ ಸಾಲದಲ್ಲಿ 10 ಲಕ್ಷದವರೆಗೆ ಜಾಮೀನಿನ ಆಸ್ತಿ ಕೇಳುವಂತಿಲ್ಲ. ಯೋಜನೆಗಳ ಅವಧಿ, ಮಿತಿ ಬದಲಾಗುತ್ತಾ ಇರುತ್ತವೆ, ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ.

ಒಬ್ಬರೇ ಕೂತು ಬರೆಯಲು ಆಗುವುದಿಲ್ಲ ಅನ್ನುವವರಿಗೆ ಉಜಿರೆಯ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು, ಆಮೇಲೆ ಇದೇ ಮಾದರಿ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಊಟ, ವಸತಿ ಸೇರಿ ತರಬೇತಿ ಉಚಿತ. ಕಸುಬಿನ ಜೊತೆ ಲೆಕ್ಕ, ಸಾಲದ ಅರ್ಜಿ ಬಗ್ಗೆಯೂ ಹೇಳಿಕೊಡುತ್ತಾರೆ.

ಎಲ್ಲಿಗೆ ನಿಲ್ಲಿಸುವುದು ಅಂತಲೂ ಬರೆಯಿರಿ

ಈ ಪುಟ ಯಾರೂ ಬರೆಯುವುದಿಲ್ಲ, ಅಪಶಕುನ ಅನ್ನುತ್ತಾರೆ. ಆದರೆ ಮನಸ್ಸು ತಣ್ಣಗಿರುವಾಗಲೇ ಬರೆಯಬೇಕು. "ಮಳೆ ಬಿಟ್ಟು ಉಳಿದ ತಿಂಗಳಲ್ಲಿ ಸತತ ನಾಲ್ಕು ತಿಂಗಳು 14 ದಿನಕ್ಕಿಂತ ಕಡಿಮೆ ಓಡಿದರೆ ಹೊಸ ದುಡ್ಡು ಹಾಕುವುದಿಲ್ಲ." "ಹೆಂಡತಿಯ ಚಿನ್ನ ಅಡ ಇಡುವುದಿಲ್ಲ." "ಒಂದು ಅಂಗಡಿಗೆ 15,000ಕ್ಕಿಂತ ಜಾಸ್ತಿ ಉದ್ರಿ ಇಲ್ಲ." ಹೀಗೆ ಅಂಕಿ ಹಾಕಿ ಬರೆದು, ಮನೆಯವರಿಗೂ ತೋರಿಸಿ. ಪಾಲುದಾರರು ಇದ್ದರೆ ಇದು ಇನ್ನೂ ಮುಖ್ಯ: ಯಾರು ಎಷ್ಟು ಹಾಕಿದರು, ಯಾರು ಕೆಲಸ ಮಾಡುತ್ತಾರೆ, ಯಾರಿಗೆ ಸಂಬಳ, ಒಬ್ಬರು ಬಿಟ್ಟು ಹೋದರೆ ದುಡ್ಡು ಹೇಗೆ ವಾಪಸ್. ಅಣ್ಣ ತಮ್ಮಂದಿರಾದರೂ ಕಾಗದದ ಮೇಲೆ ಇರಲಿ.

ಈಗ ಬ್ಯಾಂಕಿನ ರಿಪೋರ್ಟ್

ನೋಟ್‌ಬುಕ್ಕಿನಲ್ಲಿ ಇರುವುದನ್ನೇ ಅವರ ನಮೂನೆಗೆ ಇಳಿಸಿ. ಇದಕ್ಕೆ ಆಡಿಟರ್ ಹತ್ತಿರ ಹೋಗಿ, ಆದರೆ ಅಂಕಿ ನೀವು ಕೊಡಿ. ಮ್ಯಾನೇಜರ್ ಮೊದಲು ನೋಡುವುದು ಸಿಬಿಲ್ ಸ್ಕೋರ್ (ಹಿಂದಿನ ಸಾಲ ಕಟ್ಟಿದ ರೀತಿಗೆ ಸಿಗುವ ಅಂಕ), ಸ್ವಂತ ದುಡ್ಡು ಎಷ್ಟು, ಮೆಷಿನಿನ ಕೊಟೇಶನ್ ಸರಿ ಇದೆಯಾ, ಮತ್ತೆ ಡಿಎಸ್‌ಸಿಆರ್ ಅಂತ ಒಂದು ಅಂಕಿ. ಕಂತು ಕಟ್ಟುವ ಮುಂಚೆ ಉಳಿಯುವ ದುಡ್ಡು ಕಂತಿನ ಎಷ್ಟು ಪಟ್ಟು ಇದೆ ಅಂತ ಅದರ ಅರ್ಥ. ನಮ್ಮ ಗಾಣದಲ್ಲಿ ವರ್ಷದ ಕಂತು 2.16 ಲಕ್ಷ, ಕಂತು ಕಟ್ಟಿದ ಮೇಲೆ ಉಳಿದದ್ದು 1.14 ಲಕ್ಷ. ಎರಡೂ ಸೇರಿಸಿ 3.30, ಅದನ್ನು 2.16ರಿಂದ ಭಾಗಿಸಿದರೆ ಒಂದೂವರೆ. ಇದು ಬ್ಯಾಂಕಿಗೆ ಒಪ್ಪುವ ಅಂಕಿ. ಹನ್ನೆರಡರಿಂದ ಗುಣಿಸಿದ್ದರೆ 2.2 ಬರುತ್ತಿತ್ತು, ನೋಡಲು ಚಂದ. ಆದರೆ "ಮಳೆಗಾಲದಲ್ಲೂ 20 ದಿನ ಓಡಿಸುತ್ತೀರಾ" ಅಂತ ಒಂದು ಪ್ರಶ್ನೆ ಬಂದರೆ ಉತ್ತರ ಇರುವುದಿಲ್ಲ. ಇಲ್ಲಿನ ಮ್ಯಾನೇಜರುಗಳಿಗೆ ಜೂನ್ ಅಂದರೆ ಏನು ಅಂತ ಗೊತ್ತು.

ಅಲ್ಲಿ ಕೂತಾಗ ಆಡಿಟರ್ ಉತ್ತರ ಕೊಡಬಾರದು, ನೀವು ಕೊಡಬೇಕು. ಅಂಗಡಿಗಳ ಪಟ್ಟಿ, ತಿಂಗಳ ಹಾಳೆ, ಕೈದುಡ್ಡಿನ ಹಾಳೆ ಮೂರನ್ನೂ ಜೊತೆಗೆ ಒಯ್ಯಿರಿ. ಮೊರಟೋರಿಯಂ, ಅಂದರೆ ಕಂತು ಶುರುವಾಗುವ ಮುಂಚಿನ ವಿರಾಮ, ಎಷ್ಟು ತಿಂಗಳು ಅಂತ ಕೇಳಿಕೊಳ್ಳಿ. ಮಾರ್ಚಿನಲ್ಲಿ ಸಾಲ ಸಿಕ್ಕಿ ಮೂರು ತಿಂಗಳು ವಿರಾಮ ಕೊಟ್ಟರೆ ಮೊದಲ ಕಂತು ಸರಿಯಾಗಿ ಜೂನಿಗೆ ಬಂದು ಕೂರುತ್ತದೆ. ಆರು ತಿಂಗಳು ಕೇಳಿ, ಕಾರಣಕ್ಕೆ ತಿಂಗಳ ಹಾಳೆ ತೋರಿಸಿ.

ಶುರುವಾದ ಮೇಲೆ

ಪ್ರತಿ ತಿಂಗಳ ಐದನೇ ತಾರೀಕಿನೊಳಗೆ ಪ್ಲಾನಿನ ಅಂಕಿಯ ಪಕ್ಕದಲ್ಲಿ ನಿಜವಾದ ಅಂಕಿ ಬರೆಯಿರಿ. ಬೇರೆ ಬಣ್ಣದ ಪೆನ್ನಿನಲ್ಲಿ. ಎಲ್ಲವನ್ನೂ ಬರೆಯುತ್ತಾ ಕೂತರೆ ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತೀರಿ, ಆದ್ದರಿಂದ ಐದೇ ಸಾಲು: ಗಾಣ ಓಡಿದ ದಿನ, 100 ಕಿಲೋ ಕೊಬ್ಬರಿಗೆ ಬಂದ ಎಣ್ಣೆ, ಕೊಬ್ಬರಿಯ ಸರಾಸರಿ ದರ, ನೇರ ಮಾರಾಟದ ಲೀಟರ್, ಬರಬೇಕಾದ ಉದ್ರಿ. ಎಣ್ಣೆ 60ರಿಂದ 57ಕ್ಕೆ ಇಳಿದರೆ ಕೊಬ್ಬರಿಯಲ್ಲಿ ತೇವ ಇದೆ ಅಂತ, ಕೊಡುವವರ ಹತ್ತಿರ ಮಾತಾಡಬೇಕು, ಇಲ್ಲದಿದ್ದರೆ ನೀರಿಗೆ ಕಿಲೋಗೆ 200 ರೂಪಾಯಿ ಕೊಟ್ಟ ಹಾಗೆ. ಉದ್ರಿ 3.5 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದರೆ ಆ ವಾರ ಹೊಸ ಅಂಗಡಿ ಹುಡುಕುವುದು ಬಿಟ್ಟು ವಸೂಲಿಗೆ ಹೋಗಿ. ವಸೂಲಿಗೆ ಹೋಗುವಾಗ ಬಿಲ್ ಪುಸ್ತಕ ಕೈಯಲ್ಲಿರಲಿ, ಹೊಸ ಮಾಲು ಗಾಡಿಯಲ್ಲೇ ಇರಲಿ. ಹಳೆಯದು ಬಂದ ಮೇಲೆ ಹೊಸದು ಇಳಿಸಿ.